ಏಳು ದಿನ ಸುಮ್ಮನೆ ಕುಳಿತವರು

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಮೂರು ವರ್ಷವಾಗಿತ್ತು. ಭಾನುವಾರದ ಆರಾಧನೆ ಮುಗಿದ ಮೇಲೆ ಇಲ್ಲಿ ಚರ್ಚಿನಲ್ಲೇ ಕಾಫಿ ಕೊಡುತ್ತಾರೆ. ಪ್ರತಿವಾರ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಅವತ್ತು ತಮ್ಮ ಮಗಳಿಗೆ ನನ್ನನ್ನು ತೋರಿಸಿ 'ಬೆಕಾಂಟರ್' ಎಂದರು. ಅಂದರೆ ಗುರುತಿನವನು. ಗೆಳೆಯನಿಗೆ ಜರ್ಮನ್ನಿನಲ್ಲಿ 'ಫ್ರಾಯ್ಂಡ್' ಎಂಬ ಪದ ಬೇರೆಯೇ ಇದೆ, ಅದನ್ನು ಅವರು ಸುಮ್ಮಸುಮ್ಮನೆ ಬಳಸುವುದಿಲ್ಲ. ನನಗೆ ಬಹಳ ಕೆಟ್ಟೆನಿಸಿತು. ನಮ್ಮ ಗುಳೇದಗುಡ್ಡದಲ್ಲಿ ಚಹಾದಂಗಡಿಯಲ್ಲಿ ಎರಡು ಸಲ ಸಿಕ್ಕವನೂ ದೋಸ್ತನೇ.

ಈ ಸೀಮೆಗೂ ನಮಗೂ ನಂಟು ಹಳೆಯದು. 'ಮಂಗಳೂರು ಸಮಾಚಾರ' ಪತ್ರಿಕೆಯನ್ನು 1843ರಲ್ಲಿ ಶುರುಮಾಡಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಇದೇ ವುರ್ಟೆಂಬರ್ಗ್ ಸೀಮೆಯಲ್ಲಿ, 1881ರಲ್ಲಿ ತೀರಿಕೊಂಡದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ನಿನಲ್ಲಿ. ಅವರು ಸೇರಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಗುಳೇದಗುಡ್ಡಕ್ಕೂ ಬಂದಿದ್ದರಿಂದ, ಇಲ್ಲಿಯ ಚರ್ಚಿನಲ್ಲಿ ನಾನು ಮನೆಯವನೇ ಎಂದುಕೊಂಡಿದ್ದೆ.

ಮುಂದಿನ ಜನವರಿಯಲ್ಲಿ ಅಪ್ಪ ಬಾಗಲಕೋಟೆಯ ಆಸ್ಪತ್ರೆ ಸೇರಿದರು. ಹನ್ನೊಂದು ರಾತ್ರಿ ಅವರ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದವನು ನನ್ನ ಬಾಲ್ಯದ ಗೆಳೆಯ. ಅವನ ಮನೆಯಲ್ಲಿ ಖಣ ನೇಯುವ ಕೈಮಗ್ಗವಿದೆ. ಅವನು ಕ್ರೈಸ್ತನಲ್ಲ. ಗೆಳೆಯರು ಎಂದರೆ ಚರ್ಚಿನ ಸಭೆಯವರು, ಉಳಿದವರೆಲ್ಲ ಪರಿಚಯದವರು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿರುತ್ತೇವೆ. ಅದು ತಪ್ಪು ಎಂದು ನಾನು ಹೇಳಬಲ್ಲೆ.

ಆ ಹೊತ್ತಿಗೆ ನಾನು ಅವನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ದೀಪಾವಳಿ ಹೊತ್ತಿಗೆ ಫೋನ್ ಮಾಡಿ ಬೈದಿದ್ದ: "ಮಗಾ ಅಂದ್ರ ರೊಕ್ಕ ಕಳಿಸಾಕಷ್ಟ ಏನ್ಲೇ? ಕಾಕಾ ದಿನಾ ಫೋನ್ ಹಿಡಕೊಂಡು ಕುಂತಿರ್ತಾರ." ಸಿಟ್ಟಿಗೆದ್ದು ಫೋನ್ ಇಟ್ಟಿದ್ದೆ. ಗೆಳೆಯ ಮಾಡುವ ಗಾಯದಲ್ಲಿ ಹಗೆಯವನ ಮುದ್ದಿಗಿಂತ ಹೆಚ್ಚು ನಂಬಿಕೆ ಇದೆ ಎಂಬ, ಬೈಬಲಿನ ಜ್ಞಾನೋಕ್ತಿ 27ನೇ ಅಧ್ಯಾಯದ ಮಾತನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆನಷ್ಟೇ. ನನ್ನ ಸಂಬಳ, ನನ್ನ ಕಾರು, ಎಲ್ಲವನ್ನೂ ಅವನಿಗೆ ಹೇಳುತ್ತಿದ್ದೆ. ಅಪ್ಪನ ದನಿ ಕೇಳಿದರೆ ಊರಿಗೆ ಓಡಿಬಿಡಬೇಕೆನಿಸುತ್ತದೆ, ಅದಕ್ಕೇ ಫೋನ್ ಮಾಡುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಯೋಹಾನನ ಸುವಾರ್ತೆ 15ರಲ್ಲಿ ಯೇಸು ಶಿಷ್ಯರನ್ನು ಸ್ನೇಹಿತರೆಂದು ಕರೆಯುವಾಗ ಕೊಡುವ ಕಾರಣ ಇದು: ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ತಿಳಿಸಿದ್ದೇನೆ. ನಾನು ಮುಚ್ಚಿಟ್ಟಿದ್ದೆ.

ಟಿಕೆಟ್ ಸಿಗುವುದರೊಳಗೆ ಅಪ್ಪ ಹೋಗಿಬಿಟ್ಟರು. ಮಣ್ಣು ಮಾಡುವಾಗ ಗೆಳೆಯ ಫೋನ್ ಹಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಸಭಾಪಾಲಕರ ಪ್ರಾರ್ಥನೆ, ಅವ್ವನ ಅಳು, ಪೆಟ್ಟಿಗೆಯ ಮೇಲೆ ಮಣ್ಣು ಬಿದ್ದ ಸದ್ದು, ಎಲ್ಲ ಕೇಳಿಸಿತು. ಅವನು ಒಂದು ಮಾತೂ ಆಡಲಿಲ್ಲ. ಅವತ್ತು ನನ್ನ ವಾಟ್ಸಾಪ್ ತುಂಬ ಬೈಬಲ್ ವಚನ, ಕೈಮುಗಿದ ಚಿತ್ರ. ಕಳಿಸಿದವರ ಮನಸ್ಸು ಒಳ್ಳೆಯದೇ, ಆದರೆ ಓದಲಾಗಲಿಲ್ಲ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರೂ ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರಲ್ಲ, ಆಗ ಅವರು ನಿಜವಾದ ಗೆಳೆಯರಾಗಿದ್ದರು. ಬಾಯಿ ಬಿಟ್ಟು ಅವನದೇ ತಪ್ಪು ಎಂದ ಮೇಲೆಯೇ ಕೆಟ್ಟದ್ದು.

ಸಂಜೆ ಬಾಗಿಲು ಬಡಿದವರು ಆ 'ಬೆಕಾಂಟರ್' ಎಂದ ಹಿರಿಯರು. ಬೇಳೆಯ ಸೂಪಿನ ಪಾತ್ರೆ ತಂದಿದ್ದರು. ಒಂದು ತಾಸು ಕುಳಿತು, ನಾನು ಎರಡು ಚಮಚ ಕುಡಿದದ್ದನ್ನು ನೋಡಿ ಎದ್ದುಹೋದರು. ಗುರುತಿನವರು ಎಂಬ ಮಾತನ್ನು ಅಂದಿನಿಂದ ನಾನು ಹಗುರಾಗಿ ಆಡುವುದಿಲ್ಲ.

ತಿಂಗಳ ನಂತರ ಗೆಳೆಯನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗದ ಸದ್ದು. ತಪ್ಪಾತು ದೋಸ್ತ, ಎಂದೆ, ಮುಚ್ಚಿಟ್ಟಿದ್ದನ್ನೂ ಹೇಳಿದೆ. ಮಗ್ಗ ನಿಂತಿತು.

"ಅದನ್ನ ಬಿಡು," ಎಂದ. "ಇವತ್ತ ಅವ್ವಗ ಫೋನ್ ಮಾಡೀಯೇನು?"