ಬ್ರೇಕ್ ಆಯಿಲ್‌ಗೆ ಗೀಟು ಎಳೆದ ದಿನ

ಬಳ್ಳಾರಿಯ ಒಂದು ಮಲ್ಟಿಬ್ರ್ಯಾಂಡ್ ಗ್ಯಾರೇಜಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹದಿನಾಲ್ಕು ವರ್ಷ ಆಯ್ತು. ಈ ಕೆಲಸದಲ್ಲಿ ಬೈಸಿಕೊಂಡಿದ್ದು, ನಷ್ಟ ಮಾಡಿಕೊಂಡಿದ್ದು ಬೇಕಾದಷ್ಟಿದೆ, ಅವೆಲ್ಲ ಮರೆತುಹೋಗಿವೆ. ಕಳೆದ ವರ್ಷದ ಏಪ್ರಿಲ್ ಮಾತ್ರ ಮರೆಯೋಕೆ ಆಗ್ತಿಲ್ಲ.

ಸಿರುಗುಪ್ಪ ಕಡೆಯ ಒಬ್ಬರು ಒಂದು ಸೆಕೆಂಡ್ ಹ್ಯಾಂಡ್ ಸ್ಕಾರ್ಪಿಯೋ ತಂದರು. ಭತ್ತದ ವ್ಯಾಪಾರ ಮಾಡುವವರು. 2012ರ ಮಾಡೆಲ್, ಮೀಟರ್ 2,18,000 ದಾಟಿತ್ತು. ಹಿಂದಿನ ಓನರ್ ಅದನ್ನು ಮೈನ್ಸ್ ಕಡೆ ಬಾಡಿಗೆಗೆ ಬಿಟ್ಟಿದ್ದನಂತೆ. ಸರ್ವೀಸ್ ಬುಕ್ ಇಲ್ಲ, ಒಂದು ಬಿಲ್ ಕೂಡ ಇಲ್ಲ. "ಅಣ್ಣಾ, ಏನೇನು ಬಾಕಿ ಐತಿ ಎಲ್ಲಾ ನೋಡಿ ಮಾಡಿಬಿಡ್ರಿ, ಮನಿ ಮಂದಿ ಓಡಾಡೋ ಗಾಡಿ" ಅಂದರು.

ನೋಡುತ್ತಾ ಹೋದರೆ ಬಾಕಿ ಇಲ್ಲದ್ದು ಯಾವುದೂ ಇರಲಿಲ್ಲ. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದರೆ ಒಂದು ಬೊಗಸೆ ಕೆಂಪು ಅದಿರಿನ ಧೂಳು ಬಿತ್ತು. ರೇಡಿಯೇಟರ್‌ನಲ್ಲಿ ಕೂಲೆಂಟ್ ಇರಲಿಲ್ಲ, ಬೋರ್ ನೀರು ಹಾಕಿ ಓಡಿಸಿದ್ದರು, ಮುಚ್ಚಳದ ಒಳಗೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಎರಡು ಟೈರಿನ ಮೇಲೆ 2317 ಅಂತ ಇತ್ತು, ಅಂದ್ರೆ 2017ರ 23ನೇ ವಾರದ ಮಾಲು. ಲೋವರ್ ಆರ್ಮ್ ಬುಷ್ ಹರಿದಿತ್ತು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಗ್ರೀಸ್ ಕಂಡು ಎಷ್ಟು ಕಾಲ ಆಗಿತ್ತೋ. ಮುಂದಿನ ಬ್ರೇಕ್ ಪ್ಯಾಡ್ ಕಬ್ಬಿಣಕ್ಕೆ ಬಂದಿತ್ತು.

ಎಸ್ಟಿಮೇಟ್ 68,000 ಆಯ್ತು. ಅವರು ಹಣೆ ಒರೆಸಿಕೊಂಡು "ಐವತ್ತರೊಳಗ ಮುಗಿಸ್ರಿ, ಉಳಿದದ್ದು ಸುಗ್ಗಿ ಮ್ಯಾಲೆ ನೋಡೋಣ" ಅಂದರು.

ನಾನು ಪೆನ್ನು ತಗೊಂಡು ಕೂತೆ. ನಮ್ಮ ಓನರ್ ಹಿಂದೆ ನಿಂತು "ಎಸಿ ಕೆಲಸ ತೆಗೀಬೇಡ" ಅಂದರು, ಅದರಲ್ಲಿ ಮಾರ್ಜಿನ್ ಇದೆ. ನಾನೂ ಒಪ್ಪಿದೆ, ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಎಸಿ ಇಲ್ಲದೆ ಗಾಡಿ ಕೊಟ್ಟರೆ ಮರುದಿನವೇ ವಾಪಸ್ ಬರುತ್ತೆ ಅಂತ. ಎರಡು ಟೈರಿಗೆ ಗೀಟು ಹಾಕಿದೆ. ಡಿಫರೆನ್ಷಿಯಲ್ ಆಯಿಲ್‌ಗೆ ಹಾಕಿದೆ. ಆಮೇಲೆ ಬ್ರೇಕ್ ಆಯಿಲ್ ಚೇಂಜ್ ಅನ್ನೋ ಸಾಲಿಗೆ ಬಂದೆ. 1,200 ರೂಪಾಯಿ. ಬಾನೆಟ್ ಎತ್ತಿ ಡಬ್ಬಿ ನೋಡಿದೆ, ಮ್ಯಾಕ್ಸ್ ಗೆರೆಗೆ ಸರಿಯಾಗಿ ಇತ್ತು. ಪೆಡಲ್ ಒತ್ತಿದೆ, ಗಟ್ಟಿ ಇತ್ತು. ಗೀಟು ಎಳೆದೆ.

ಆ ಡಬ್ಬಿ ಯಾಕೆ ತುಂಬಿತ್ತು ಅಂತ ಯೋಚನೆ ಮಾಡಬೇಕಿತ್ತು. ಪ್ಯಾಡ್ ಸವೆದಾಗ ಲೆವೆಲ್ ಇಳಿಯುತ್ತೆ. ಅಷ್ಟು ಸವೆದ ಮೇಲೂ ತುಂಬಿದೆ ಅಂದ್ರೆ ಯಾರೋ ಹಳೆಯದರ ಮೇಲೆ ಹೊಸದನ್ನು ಸುರಿದುಕೊಂಡೇ ಬಂದಿದ್ದಾರೆ, ಕೆಳಗೆ ವ್ಹೀಲಿನಲ್ಲಿ ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿರೋದು ವರ್ಷಾನುಗಟ್ಟಲೆ ಅಲ್ಲೇ ಕೂತಿದೆ ಅಂತ ಅರ್ಥ. ಇದು ನನಗೆ ಗೊತ್ತಿರುವ ವಿಷಯ. ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ವಿಷಯ.

ಗಾಡಿ ರೆಡಿ ಆದ ದಿನ ಅವರು ತಮ್ಮ ತಂದೆಯನ್ನು ಕರೆದುಕೊಂಡು ಬಂದಿದ್ದರು, ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿ ಗಾಡಿಗೆ ಪೂಜೆ ಮಾಡಿಸಬೇಕು ಅಂತ. "ನೀವೂ ಬರ್ರಿ, ಘಾಟಿನಾಗ ಸಪ್ಪಳ ಬರ್ತದೇನೋ ನೋಡಿದಂಗೂ ಆಗ್ತದ" ಅಂದರು. ಸ್ಟೇರಿಂಗ್ ನಾನೇ ಹಿಡಿದೆ. ತೋರಣಗಲ್ಲು ದಾಟಿದ ಮೇಲೆ ಸಣ್ಣಗೆ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಮುಂದಿನ ಎಡಗಡೆ ವ್ಹೀಲ್ ಬಿಸಿ ಇತ್ತು, ಬಲಗಡೆಯದು ಅಷ್ಟಿಲ್ಲ. ಹೊಸ ಪ್ಯಾಡ್ ಅಲ್ವಾ, ಕೂರುವ ತನಕ ಹೀಗೇ ಅಂದುಕೊಂಡು ಮತ್ತೆ ಹತ್ತಿದೆ. ಎರಡು ವ್ಹೀಲಿಗೂ ಹೊಸ ಪ್ಯಾಡೇ ಹಾಕಿದ್ದು. ಹಾಗಿದ್ದರೆ ಒಂದೇ ಯಾಕೆ ಬಿಸಿ ಆಗಬೇಕು? ಆ ಪ್ರಶ್ನೆ ಅಲ್ಲೇ ಕೇಳಿಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಗುಡಿಯಲ್ಲಿ ಪೂಜೆ ಆಯ್ತು. ಇಳಿಯುವಾಗ ಮೂರನೇ ತಿರುವೋ ನಾಲ್ಕನೆಯದೋ, ಪೆಡಲ್ ಮೊದಲಿಗಿಂತ ಎರಡು ಬೆರಳು ಕೆಳಗೆ ಹೋಯ್ತು. ಮುಂದಿನ ತಿರುವಿನಲ್ಲಿ ಅರ್ಧಕ್ಕೆ. ಅದರ ಮುಂದೆ ಒತ್ತಿದಾಗ ಕಾಲ ಕೆಳಗೆ ಏನೂ ಇಲ್ಲದ ಹಾಗೆ ಮ್ಯಾಟ್‌ಗೆ ತಾಗಿತು. ಹಿಂದಿನ ಡ್ರಮ್ ಅಷ್ಟಿಷ್ಟು ಹಿಡಿಯುತ್ತಿತ್ತು, ಗಾಡಿ ನಿಲ್ಲುವಷ್ಟು ಅಲ್ಲ. ಪಂಪ್ ಮಾಡಿದೆ, ಸ್ವಲ್ಪ ಬಂತು, ಮತ್ತೆ ಹೋಯ್ತು. ಬಾಯಲ್ಲಿ ನೀರು ಆರಿತು.

"ಏನಾತು?"

"ಬ್ರೇಕ್ ಹಿಡೀವಲ್ದು. ಗಟ್ಟಿಯಾಗಿ ಕೂಡ್ರಿ."

ಪಕ್ಕದಲ್ಲಿದ್ದವರು ಗಾಬರಿಯಲ್ಲಿ "ಕೀ ಬಂದ್ ಮಾಡ್ರಿ, ಕೀ ಬಂದ್ ಮಾಡ್ರಿ" ಅಂತ ಕೈ ಚಾಚಿದರು. ಅವರ ಕೈ ತಳ್ಳಿದೆ. ಎಂಜಿನ್ ಬಂದ್ ಆದರೆ ಪವರ್ ಸ್ಟೇರಿಂಗ್ ಹೋಗುತ್ತೆ, ಪೆಡಲಿಗೆ ಬಲ ಕೊಡುವ ಬೂಸ್ಟರ್ ಹೋಗುತ್ತೆ, ಆಮೇಲೆ ತಿರುವಿನಲ್ಲಿ ಆ ಭಾರದ ಗಾಡಿ ತಿರುಗಿಸೋದು ಯಾರು? ಮೂರನೇ ಗೇರ್‌ನಿಂದ ಎರಡಕ್ಕೆ ಹಾಕಿದೆ, ಎಂಜಿನ್ ಕಿರುಚಿತು, ಸ್ಪೀಡ್ ಮುರಿಯಿತು. ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆದೆ, ಒಮ್ಮೆಲೇ ಎಳೆದರೆ ಹಿಂದಿನ ವ್ಹೀಲ್ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತೆ. ಕೆಳಗಿನಿಂದ ಒಂದು ಲಾರಿ ಹತ್ತುತ್ತಾ ಇತ್ತು. ಹಾರ್ನ್ ಮೇಲೆ ಕೈ ಇಟ್ಟವನು ನಾನು ತೆಗೆಯಲೇ ಇಲ್ಲ. ಒಂದನೇ ಗೇರ್‌ಗೆ ಬಂದಾಗ ಎಡಕ್ಕೆ ಮಣ್ಣಿನ ದಿಬ್ಬ ಕಂಡಿತು, ಅದಕ್ಕೆ ಒರಗಿಸಿದೆ. ನಿಂತಿತು. ಹಿಂದೆ ಅಜ್ಜ ನನ್ನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ನಿಂತ ಮೇಲೂ ಬಿಡಲಿಲ್ಲ.

ಅರ್ಧ ಗಂಟೆ ಆದ ಮೇಲೆ ಒತ್ತಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ! ಅಪಾಯ ಇರೋದೇ ಇಲ್ಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದ್ರೂ 230 ಡಿಗ್ರಿ ತನಕ ಕುದಿಯಬಾರದು, 3.7 ಪರ್ಸೆಂಟ್ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತೆ. ಇಳಿಜಾರಿನಲ್ಲಿ ಜಾಮ್ ಆದ ಪ್ಯಾಡಿಗೆ ಆ ಬಿಸಿ ಏನೂ ದೊಡ್ಡದಲ್ಲ. ಕುದಿದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತೆ, ಒತ್ತಡ ಪಿಸ್ಟನ್‌ಗೆ ಹೋಗಲ್ಲ. ತಣ್ಣಗಾದರೆ ಆವಿ ಮತ್ತೆ ನೀರಾಗಿ ಪೆಡಲ್ ಬರುತ್ತೆ. ಎಲ್ಲ ಸರಿಯಾಯ್ತು ಅಂತ ಹೊರಟರೆ ಮುಂದಿನ ತಿರುವಿನಲ್ಲಿ ಮತ್ತದೇ.

ಓನರ್‌ಗೆ ಫೋನ್ ಮಾಡಿದೆ. "ಪೆಡಲ್ ಬಂದೈತಲ್ಲ, ಸಾವಕಾಶ ತಗೊಂಡ್ ಬಾ" ಅಂದರು. ಆಗಲ್ಲ ಅಂದೆ. ಅವರಿಗೆ ನಾನು ಹಾಗೆ ಅಂದಿದ್ದು ಅದೇ ಮೊದಲು.

ಎರಡು ತಾಸಿನ ಮೇಲೆ ನಮ್ಮ ಹುಡುಗ ಬೈಕಿನಲ್ಲಿ ಜಾಕ್, ಪಾನಾ, ಒಂದು ಲೀಟರ್ ಡಾಟ್ 4 ತಂದ. ಎಡಗಡೆ ವ್ಹೀಲ್ ಬಿಚ್ಚಿದರೆ ಕ್ಯಾಲಿಪರ್‌ನ ಕೆಳಗಿನ ಪಿನ್ ಅಲ್ಲಾಡಲಿಲ್ಲ, ಪ್ಯಾಡ್ ಡಿಸ್ಕ್ ಬಿಟ್ಟು ಸರಿಯದೆ ವ್ಹೀಲ್ ಬಿಸಿ ಆಗಿದ್ದು ಅದಕ್ಕೇ. ಸುತ್ತಿಗೆಯಲ್ಲಿ ತಟ್ಟಿ ತೆಗೆದರೆ ತುಕ್ಕು, ಕೆಂಪು ಧೂಳು, ಒಣಗಿದ ಗ್ರೀಸ್ ಮೂರೂ ಸೇರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಪ್ಯಾಡ್ ಹಾಕುವಾಗ ಆ ಪಿನ್ ತೆಗೆದು ನೋಡಬೇಕಿತ್ತು. ಹುಡುಗ ನೋಡಿರಲಿಲ್ಲ, ನಾನು ಕೇಳಿರಲಿಲ್ಲ. ಉಜ್ಜಿ, ಹೊಸ ಗ್ರೀಸ್ ಹಚ್ಚಿ ಕೂರಿಸಿದೆವು. ಆಮೇಲೆ ಹಿಂದಿನ ಎಡಗಡೆ ವ್ಹೀಲಿನಿಂದ ಬ್ಲೀಡಿಂಗ್, ಅಂದ್ರೆ ಹಳೇ ಆಯಿಲ್ ಹೊರಗೆ ತೆಗೆಯೋದು, ಶುರು ಮಾಡಿದೆವು. ಪೆಡಲ್ ಮೇಲೆ ಕೂತಿದ್ದು ಕಸ್ಟಮರೇ. "ಒತ್ರಿ, ಹಿಡೀರಿ, ಬಿಡ್ರಿ." ಬಾಟಲಿಗೆ ಇಳಿದ ಆಯಿಲ್ ಚಹಾ ಡಿಕಾಕ್ಷನ್ ಬಣ್ಣದ್ದು, ಮುಂದಿನ ಎಡಗಡೆಯದಂತೂ ಪೂರ್ತಿ ಕಪ್ಪು.

ಅಜ್ಜ ಕಲ್ಲಿನ ಮೇಲೆ ಕೂತು ಆ ಬಾಟಲಿಯನ್ನೇ ನೋಡುತ್ತಿದ್ದರು. "ತಮ್ಮಾ, ಇದನ್ನ ಮೊದ್ಲಽ ಮಾಡಿದ್ರ ಎಷ್ಟು ಆಗ್ತಿತ್ತು?"

"ಸಾವಿರದ ಇನ್ನೂರು, ಯಜಮಾನ್ರೇ."

ಅವರು ಮತ್ತೇನೂ ಕೇಳಲಿಲ್ಲ. ಮಗ ಮಾತ್ರ "ನಾನಽ ಕಮ್ಮಿ ಮಾಡ್ರಿ ಅಂದಿದ್ನಲ್ರೀ" ಅಂತ ನನ್ನನ್ನೇ ಸಮಾಧಾನ ಮಾಡಿದರು. ಕಡಿಮೆ ಮಾಡಿ ಅಂದಿದ್ದು ಅವರು ನಿಜ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ತಿಳಿದವನು ನಾನು. ಭತ್ತ ನೋಡಿ ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ ಅವರು, ಬ್ರೇಕ್ ಆಯಿಲ್‌ನ ತೇವ ನೋಡೋದು ನನ್ನ ಕೆಲಸ. ಎಸಿ ಗೀಟು ಹೊಡೆದು ಹೇಳಿದ್ದರೆ ಅವರು ಖಂಡಿತ ಒಪ್ಪುತ್ತಿದ್ದರು.

ಈಗ ಲಕ್ಷ ದಾಟಿದ ಹಳೇ ಗಾಡಿ ಯಾವುದೇ ಬರಲಿ, ಬ್ರೇಕ್, ಸ್ಟೇರಿಂಗ್, ಟೈರ್, ಕೂಲಿಂಗ್, ಇವುಗಳಿಗೆ ದುಡ್ಡು ಎತ್ತಿಟ್ಟ ಮೇಲೆಯೇ ಉಳಿದ ಮಾತು. ಬ್ರೇಕ್ ಆಯಿಲ್ ಯಾವಾಗ ಬದಲಾಗಿದೆ ಅಂತ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ. ಟ್ರಯಲ್ ಮುಗಿದ ಮೇಲೆ ನಾಲ್ಕೂ ವ್ಹೀಲ್ ಹತ್ತಿರ ಕೈ ಹಿಡಿದು ಬಿಸಿ ನೋಡದೆ ಗೇಟ್ ಪಾಸ್‌ಗೆ ಸೈನ್ ಮಾಡಲ್ಲ.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಜನರಲ್ ಸರ್ವೀಸ್ ಪ್ಯಾಕೇಜ್‌ನಲ್ಲಿ ಇವತ್ತಿಗೂ ಬ್ರೇಕ್ ಆಯಿಲ್‌ನ ಸಾಲು ಇಲ್ಲ. ಇಂಟೀರಿಯರ್ ಪಾಲಿಶ್ ಇದೆ, ಪರ್ಫ್ಯೂಮ್ ಕೂಡ ಇದೆ. ಸೇರಿಸಿ ಅಂತ ಮೂರು ಸಲ ಹೇಳಿದ್ದೇನೆ, ಸಾಫ್ಟ್‌ವೇರ್‌ನವರಿಗೆ ದುಡ್ಡು ಕೊಡಬೇಕು ಅಂತಾರೆ ಓನರ್. ಅದಕ್ಕೆ ಜಾಬ್ ಕಾರ್ಡಿನ ತಲೆಯ ಮೇಲೆ, ಗಾಡಿ ನಂಬರ್‌ಗಿಂತ ಮೊದಲು, ಪೆನ್ನಿನಲ್ಲಿ ನಾನೇ ಬರೆಯುತ್ತೇನೆ.