ಹೂವಿನ ಕಣಿವೆಗೆ ಹೊರಡುವ ಮುನ್ನ ಪಂಚಾಂಗ ನೋಡಿ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಹೂವಿನ ಕಣಿವೆಗೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದದ್ದು ಜೂನ್ ಮೂರನೆಯ ವಾರದಲ್ಲಿ. ಎರಡು ದಿನ ಬಸ್ಸು, ಜೀಪುಗಳಲ್ಲಿ ಕುಳಿತು, ಒಂದು ದಿನ ಬೆಟ್ಟ ಹತ್ತಿ, ನಾಲ್ಕನೆಯ ದಿನ ಬೆಳಿಗ್ಗೆ ಕಣಿವೆಯ ಬಾಯಲ್ಲಿ ನಿಂತಾಗ ಹೆಂಡತಿ ಕೇಳಿದ ಮೊದಲ ಮಾತು, "ಹೂ ಎಲ್ಲಿ?" ಎಂಬುದು. ಇಳಿಜಾರುಗಳಲ್ಲಿ ಇನ್ನೂ ಹಿಮದ ತೇಪೆಗಳಿದ್ದವು. ಹಿಮ ಕರಗಿದ ಕಡೆ ಗೇಣುದ್ದದ ಹಸಿರು ಆಗಷ್ಟೇ ತಲೆ ಎತ್ತುತ್ತಿತ್ತು. ಎರಡನೆಯ ಸಲ ಆಗಸ್ಟ್ ಎರಡನೆಯ ವಾರದಲ್ಲಿ ಹೋದಾಗ ಅದೇ ಕಾಲುದಾರಿಯ ಎರಡೂ ಬದಿಯಲ್ಲಿ ಹೂವಿನ ಗಿಡಗಳು ಹೆಗಲಿಗೆ ತಾಗುತ್ತಿದ್ದವು. ನಡುವೆ ಇದ್ದದ್ದು ಏಳು ವಾರಗಳ ಅಂತರ ಮಾತ್ರ. ಈ ಪ್ರವಾಸದಲ್ಲಿ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂಬುದಕ್ಕಿಂತ ಯಾವಾಗ ಹೋಗಬೇಕು ಎಂಬುದೇ ದೊಡ್ಡ ಪ್ರಶ್ನೆಯಾದ್ದರಿಂದ ಅದೊಂದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆ ಪ್ರವಾಸಿಗರಿಗೆ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಆದ್ದರಿಂದ ನಮ್ಮ ಮಕ್ಕಳ ಬೇಸಿಗೆ ರಜೆ ಇದಕ್ಕೆ ಒದಗುವುದಿಲ್ಲ. ದಸರಾ ರಜೆಯಲ್ಲಿ ಬಾಗಿಲು ತೆರೆದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹಿಮಶಿಖರಗಳೂ ಚೆನ್ನಾಗಿ ಕಾಣುತ್ತವೆ. ಆದರೆ ಆ ಹೊತ್ತಿಗೆ ಗಿಡಗಳೆಲ್ಲ ಬೀಜ ಉದುರಿಸಿ ಒಣಗಿರುತ್ತವೆ. ಹೂ ನೋಡಬೇಕೆಂದಿದ್ದರೆ ಮಳೆಗಾಲದಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. 1931ರಲ್ಲಿ ಕಾಮೆಟ್ ಶಿಖರವನ್ನು ಏರಿ ಹಿಂದಿರುಗುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಈ ಕಣಿವೆಗೆ ಇಳಿದು ಬಂದದ್ದೂ ಮಳೆಗಾಲದಲ್ಲಿಯೇ.

ಹೂಗಳು ಎಲ್ಲವೂ ಒಟ್ಟಿಗೆ ಅರಳುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಜೂನ್ ಕೊನೆಯ ಹೊತ್ತಿಗೆ ಕರಗಿದ ಹಿಮದ ಅಂಚಿನಲ್ಲಿ ಪ್ರಿಮುಲಾ, ಅನೆಮೋನಿಯಂತಹ ಗಿಡ್ಡ ಜಾತಿಯವು ಅರಳುತ್ತವೆ. ಸಸ್ಯಗಳ ಬಗ್ಗೆ ಆಸಕ್ತಿಯಿದ್ದು ಮಂಡಿಯೂರಿ ನೋಡುವವರಿಗೆ ಅವು ಹಬ್ಬ, ಉಳಿದವರಿಗೆ ನಿರಾಸೆ. ಜುಲೈ ನಡುವಿನಿಂದ ಪುಷ್ಪಾವತಿ ನದಿಯ ಕಲ್ಲುಹಾಸು ಗುಲಾಬಿ ಬಣ್ಣಕ್ಕೆ ತಿರುಗತೊಡಗುತ್ತದೆ. ಬಂಡೆಗಳ ಸಂದಿಯಲ್ಲಿ ನೀಲಿ ಗಸಗಸೆ ಹೂ ಸಿಗುವುದೂ ಆಗಲೇ. ಆ ಗಿಡದ ಮೈಯೆಲ್ಲ ಮುಳ್ಳು. ದಳಗಳು ಮಾತ್ರ ಒದ್ದೆಯಾದ ರೇಷ್ಮೆ ಬಟ್ಟೆಯಷ್ಟು ತೆಳು, ನಡುವೆ ಹಳದಿ ಕೇಸರಗಳ ಕುಚ್ಚು. ಜೋರು ಮಳೆ ಬಿದ್ದ ಮರುದಿನ ಅದರ ದಳಗಳು ಉದುರಿ ಕಲ್ಲಿಗೆ ಅಂಟಿಕೊಂಡಿದ್ದನ್ನು ನೋಡಿದೆ. ಆಗಸ್ಟ್ ತಿಂಗಳು ಎತ್ತರದ ಗಿಡಗಳದ್ದು. ನಮ್ಮ ಮಲೆನಾಡಿನ ಹಿತ್ತಲಲ್ಲಿ ಬೆಳೆಯುವ ಗೌರಿ ಹೂವಿನ ದಾಯಾದಿಯೊಂದು ಅಲ್ಲಿ ಆಳೆತ್ತರಕ್ಕೆ ಬೆಳೆದು ಇಡೀ ಇಳಿಜಾರನ್ನು ನಸುಗೆಂಪಾಗಿಸುತ್ತದೆ. ಅದರ ನಡುವೆ ನಡೆದು ಬಂದವರ ಪ್ಯಾಂಟು, ಮಳೆ ಬಾರದಿದ್ದರೂ, ಸೊಂಟದವರೆಗೆ ತೊಯ್ದಿರುತ್ತದೆ.

ಹಾಗಾದರೆ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಯಾವಾಗ ಬೇಕಾದರೂ ಹೋಗಬಹುದೇ ಎಂದರೆ, ಕಣಿವೆಯ ಮಟ್ಟಿಗೆ ಹೌದು, ರಸ್ತೆಯ ಮಟ್ಟಿಗೆ ಅಲ್ಲ. ಕನ್ನಡಿಗರು ತಪ್ಪುವುದು ಇಲ್ಲಿಯೇ. ಉತ್ತರ ಭಾರತದವರ ಶ್ರಾವಣ ಗುರುಪೂರ್ಣಿಮೆಯ ಮರುದಿನವೇ, ಅಂದರೆ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುತ್ತದೆ. ನಮ್ಮ ಲೆಕ್ಕದ ಆಷಾಢ ಬಹುಳದಲ್ಲಿ ಗಂಗಾಜಲ ಹೊತ್ತೊಯ್ಯಲು ಲಕ್ಷಾಂತರ ಜನ ಹರಿದ್ವಾರಕ್ಕೆ ಬರುತ್ತಾರೆ. ಇದೇ ಕಾಂವಡ್ ಯಾತ್ರೆ. ಆ ದಿನಗಳಲ್ಲಿ ಹರಿದ್ವಾರ, ಋಷಿಕೇಶಗಳ ರಸ್ತೆಗಳಲ್ಲಿ ವಾಹನಗಳ ದಾರಿ ಬದಲಿಸುತ್ತಾರೆ, ಟ್ಯಾಕ್ಸಿ ಬಾಡಿಗೆ ಏರುತ್ತದೆ, ಅರ್ಧ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಬಹುದು. ಯಾತ್ರೆ ಮುಗಿಯುವುದು ಬಹುಳ ಚತುರ್ದಶಿಯಂದು. ಅದರ ಮರುದಿನ ನಮ್ಮ ಭೀಮನ ಅಮಾವಾಸ್ಯೆ. ಆದ್ದರಿಂದ ನಾನು ಕೇಳಿದವರಿಗೆಲ್ಲ ಹೇಳುವುದು, ಭೀಮನ ಅಮಾವಾಸ್ಯೆಯ ಪೂಜೆ ಮುಗಿಸಿ ಹೊರಡಿ, ಗೌರಿ ಹಬ್ಬಕ್ಕೆ ಮನೆಗೆ ಬನ್ನಿ ಎಂದು. ಅಧಿಕಮಾಸ ಬಂದ ವರ್ಷಗಳಲ್ಲಿ ಈ ಅಮಾವಾಸ್ಯೆಯ ದಿನಾಂಕ ಹಿಂದೆ ಮುಂದೆ ಆಗುವುದರಿಂದ, 2026ರಲ್ಲಿ ಅದು ಆಗಸ್ಟ್ 12ಕ್ಕೆ ಬರುವಂತೆ, ವಿಮಾನದ ಟಿಕೆಟ್ ಕೊಳ್ಳುವ ಮೊದಲು ಪಂಚಾಂಗ ನೋಡುವುದು ಒಳ್ಳೆಯದು.

ಜನಸಂದಣಿ ತಪ್ಪಿದರೂ ಗುಡ್ಡ ಕುಸಿತ ತಪ್ಪುವುದಿಲ್ಲ. ಋಷಿಕೇಶದಿಂದ ಕಣಿವೆಯ ದಾರಿಯಲ್ಲಿರುವ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್; ಏನೂ ತೊಂದರೆಯಿಲ್ಲದಿದ್ದರೆ ಒಂಬತ್ತು ಹತ್ತು ಗಂಟೆಗಳ ದಾರಿ. ಶ್ರೀನಗರ (ಕಾಶ್ಮೀರದ್ದಲ್ಲ, ಉತ್ತರಾಖಂಡದ್ದು) ಮತ್ತು ರುದ್ರಪ್ರಯಾಗದ ನಡುವಿನ ಸಿರೋಬಗಡ್ ಎಂಬಲ್ಲಿ ಮಳೆಗಾಲದಲ್ಲಿ ಕಲ್ಲು ಮಣ್ಣು ಜಾರುವುದು ವರ್ಷ ವರ್ಷದ ಕತೆ. ಆಗಸ್ಟಿನ ಪ್ರವಾಸದಲ್ಲಿ ನಾವು ಜೋಶಿಮಠಕ್ಕಿಂತ ಇತ್ತ ಒಂದು ತಿರುವಿನಲ್ಲಿ ಏಳು ಗಂಟೆ ಕುಳಿತೆವು. ಜೆಸಿಬಿ ಒಂದು ಬುಟ್ಟಿ ಮಣ್ಣು ತೆಗೆದರೆ ಮೇಲಿನಿಂದ ಎರಡು ಬುಟ್ಟಿಯಷ್ಟು ಇಳಿಯುತ್ತಿತ್ತು. ನಮ್ಮ ಚಾಲಕ ಮಾತ್ರ ಸೀಟನ್ನು ಹಿಂದಕ್ಕೆ ಬಾಗಿಸಿ ನಿಶ್ಚಿಂತೆಯಿಂದ ನಿದ್ದೆ ಮಾಡಿದ. ನಮಗೂ ನಿಶ್ಚಿಂತೆ ಇದ್ದದ್ದು ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇದ್ದುದರಿಂದ. ಹಿಂದಿನ ಕಾರಿನಲ್ಲಿದ್ದ ಪುಣೆಯ ಕುಟುಂಬ ಮೂರನೆಯ ದಿನಕ್ಕೆ ಮರಳುವ ವಿಮಾನ ಕಾದಿರಿಸಿತ್ತು; ಅವರು ಅಲ್ಲಿಂದಲೇ ಹಿಂದಕ್ಕೆ ತಿರುಗಿದರು.

ಆದ್ದರಿಂದ ಕಾಲವನ್ನು ಆರಿಸುವಾಗ ನಿಮ್ಮ ರಜೆಯ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನದಲ್ಲಿ ಹೋದರೂ, ಜೋಶಿಮಠದ ಪ್ರಯಾಣ, ಗೋವಿಂದಘಾಟ್ ಮತ್ತು ಪುಲ್ನಾದ ಮೂಲಕ, ರಾತ್ರಿ ತಂಗುವ ಊರಾದ ಘಾಂಘರಿಯಾಕ್ಕೆ ನಡಿಗೆ, ಕಣಿವೆಗೆ ಒಂದು ದಿನ, ಸಿಖ್ಖರ ಯಾತ್ರಾಸ್ಥಳವಾದ ಹೇಮಕುಂಡಕ್ಕೆ ಒಂದು ದಿನ, ಮರಳಿ ಬರಲು ಎರಡು ದಿನ ಎಂದರೆ ಒಂದು ವಾರ ಬೇಕೇ ಬೇಕು. ಆಗಸ್ಟಿನಲ್ಲಿ ಹೋಗುವವರು ಇದಕ್ಕೆ ಎರಡು ದಿನ ಸೇರಿಸಲೇಬೇಕು. ಸೇರಿಸಲು ಆಗದವರು ಸೆಪ್ಟೆಂಬರ್ ಮೊದಲ ಹತ್ತು ದಿನಗಳನ್ನು ಆರಿಸುವುದು ಮೇಲು. ಆಗ ಮಳೆ ಇಳಿಮುಖವಾಗಿರುತ್ತದೆ. ಹೂ ಕಡಿಮೆಯಾದರೂ ಪೂರ್ತಿ ಮುಗಿದಿರುವುದಿಲ್ಲ. ಹೆಚ್ಚು ಹೂವಿನ ಆಸೆಗೆ ಬಿದ್ದು ಬಿಗಿಯಾದ ರಜೆಯಲ್ಲಿ ಆಗಸ್ಟಿಗೆ ಹೋಗಿ ಒಂದು ಹೂವನ್ನೂ ನೋಡದೆ ಬರುವುದಕ್ಕಿಂತ ಇದು ವಾಸಿ ಎಂಬುದು ನನ್ನ ಅಭಿಪ್ರಾಯ. ಆಗಸ್ಟ್ 15ರ ಸುತ್ತಿನ ವಾರಾಂತ್ಯವನ್ನು ಮಾತ್ರ ಬಿಟ್ಟುಬಿಡಿ. ಘಾಂಘರಿಯಾ ಒಂದೇ ಬೀದಿಯ ಊರು. ಅಂದು ಅಲ್ಲಿ ಕೋಣೆ ಸಿಗುವುದು ಕಷ್ಟ, ಗುರುದ್ವಾರದ ಹಜಾರದಲ್ಲಿಯೂ ಕಾಲಿಡಲು ಜಾಗವಿರುವುದಿಲ್ಲ.

ಮಳೆಯ ಬಗ್ಗೆ ಮಲೆನಾಡು, ಕರಾವಳಿಯವರು ಅಂಜಬೇಕಿಲ್ಲ. ಆಗುಂಬೆಯಲ್ಲಿ ಸುರಿಯುವಂತೆ ಅಲ್ಲಿ ಸುರಿಯಲಿಲ್ಲ. ಹೆಚ್ಚಿನ ಹೊತ್ತು ಜಿನುಗುತ್ತಿತ್ತು. ತೊಂದರೆ ಕೊಡುವುದು ಚಳಿ. ಘಾಂಘರಿಯಾ ಸುಮಾರು 3,050 ಮೀಟರ್ ಎತ್ತರದಲ್ಲಿದೆ. ಒದ್ದೆಯಾದ ಕಾಲುಚೀಲ ಅಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಹಾಗಾಗಿ ಆಗಸ್ಟಿಗೆ ಹೋಗುವವರು ದಿನಕ್ಕೆ ಎರಡು ಜೊತೆಯಂತೆ ಕಾಲುಚೀಲ ಒಯ್ಯಬೇಕು. ಪುಲ್ನಾದಿಂದ ಮೇಲಕ್ಕೆ ಹಾಸಿದ ಕಲ್ಲುಗಳ ಮೇಲೆ ಹೇಸರಗತ್ತೆಗಳ ಲದ್ದಿ ಮಳೆನೀರಿನೊಡನೆ ಸೇರಿ ಜಾರುವುದರಿಂದ ಊರುಗೋಲು ಅಗತ್ಯ. ಕಣಿವೆಯೊಳಗೆ ರಾತ್ರಿ ತಂಗಲು ಬಿಡುವುದಿಲ್ಲ, ತಿನ್ನಲು ಅಂಗಡಿಯೂ ಇಲ್ಲ. ಬೆಳಿಗ್ಗೆ ಚೌಕಿ ತೆರೆದ ಕೂಡಲೇ ಒಳಗೆ ಹೋಗಬೇಕು, ಏಕೆಂದರೆ ನಾವು ಹೋದ ಎರಡೂ ಸಲ ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗಿನಿಂದ ಮೋಡ ಏರಿ ಬಂದು, ಮುಂದಿದ್ದ ಗಿಡವಷ್ಟೇ ಕಾಣುವಂತಾಯಿತು.

ಬ್ರಹ್ಮಕಮಲವನ್ನು ಹುಡುಕಿಕೊಂಡು ಬರುವವರಿಗೆ ಇನ್ನೊಂದು ಮಾತು. ಅದನ್ನು ನಾವು ನೋಡಿದ್ದು ಕಣಿವೆಯ ಹಾದಿಯಲ್ಲಲ್ಲ, 4,000 ಮೀಟರಿಗೂ ಮೇಲಿರುವ ಹೇಮಕುಂಡ ಸಾಹಿಬಿನ ಸರೋವರಕ್ಕೆ ಏರುವ ಕಡಿದಾದ ದಾರಿಯ ಕೊನೆಯ ಭಾಗದಲ್ಲಿ. ನಮ್ಮ ಮನೆಗಳ ಕುಂಡದಲ್ಲಿ ರಾತ್ರಿ ಅರಳುವ, ಅದೇ ಹೆಸರಿನಿಂದ ಕರೆಯುವ ಕಳ್ಳಿ ಜಾತಿಯ ಹೂವಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಾಗದದಂತಹ ನಸುಹಳದಿ ಎಲೆಗಳು ದೊನ್ನೆಯಂತೆ ಸುತ್ತುವರಿದ ನೇರಳೆ ಹೂಗೊಂಚಲು. ಜೂನಿನಲ್ಲಿ ಹೋದಾಗ ಅದರ ಸುಳಿವೇ ಇರಲಿಲ್ಲ. ಆಗಸ್ಟಿನಲ್ಲಿ, ಮಂಜಿನ ನಡುವೆ, ಬಂಡೆಗಳ ಬುಡದಲ್ಲಿ ಒಂದೆರಡಲ್ಲ, ಹತ್ತಾರು ನಿಂತಿದ್ದವು.