ಕೂದಲೆಳೆ ಫ್ಯೂಸು

ಇವತ್ತು ಒಂದು ಫ್ಯೂಸ್ ಹೋಯ್ತು. ಖುಷಿಯಾಯ್ತು!

ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಬಿಚ್ಚಿದ 18650 ಸೆಲ್‌ಗಳು (ಹೆಬ್ಬೆರಳಿನಂಥ ಲಿಥಿಯಂ ಸೆಲ್). 20 ಸೆಲ್ ಪ್ಯಾರಲಲ್: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಒಂದೇ ಬ್ಯಾಟರಿ. ಒಂದೊಂದರ ಪ್ಲಸ್ ತುದಿಗೂ ಕೂದಲೆಳೆಯಂಥ ಫ್ಯೂಸ್ ತಂತಿ ಬೆಸುಗೆ ಹಾಕೋಕೆ ಎರಡು ಭಾನುವಾರ ಹೋಗಿತ್ತು.

"ಇಷ್ಟೊಂದು ಯಾಕ್ರೀ, ಎಲ್ಲಕ್ಕೂ ಸೇರಿ ಹೊರಗೆ ದಪ್ಪದ್ದೊಂದು ಹಾಕಿದ್ರೆ ಸಾಲದಾ?" ಅಂದಿದ್ಳು ಇವಳು.

ಸಾಲಲ್ಲ. ಒಂದು ಸೆಲ್ ಒಳಗೇ ಶಾರ್ಟ್ ಆದ್ರೆ ಪಕ್ಕದ 19 ಸೇರಿ ಅದರೊಳಕ್ಕೇ ಕರೆಂಟ್ ಸುರೀತವೆ. (ನಮ್ಮ ನೆಂಟರ ಹಾಗೇ.) ಹೊರಗಿನ ಫ್ಯೂಸಿಗೆ ಸುದ್ದೀನೇ ಮುಟ್ಟಲ್ಲ.

ಬೆಳಿಗ್ಗೆ ನೋಡಿದ್ರೆ ಏಳನೇ ಸೆಲ್‌ನ ತಂತಿ ನಡುವೆ ತುಂಡು. ತುದಿಯಲ್ಲಿ ಸಾಸಿವೆಗಿಂತ ಸಣ್ಣ, ಕರಗಿದ ಗುಂಡು. ಸೆಲ್ ಅಳೆದರೆ ಸೊನ್ನೆ ವೋಲ್ಟ್. ಉಳಿದವು ಏನೂ ಆಗದ ಹಾಗೆ ಬಲ್ಬ್ ಉರಿಸ್ತಾ ಕೂತಿದ್ವು.

ಇವಳನ್ನ ಕರೆದು ತೋರಿಸಿದೆ.

"ಸುಟ್ಟುಹೋಗಿದ್ದಕ್ಕೆ ಇಷ್ಟು ನಗೋರನ್ನ ನಾನಂತೂ ನೋಡಿಲ್ಲ" ಅಂದು ಒಳಗೆ ಹೋದ್ಳು.